ತೆಂಗಿನ ತೋಟದಿಂದ ಫ್ರಾಂಕ್‌ಫರ್ಟ್‌ಗೆ: ನಾಯಿಗೆ ಬೇಕಾದ ನಾಲ್ಕು ತಿಂಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಈಗ ಎರಡು ಬಗೆಯ ನಾಯಿಗಳಿವೆ. ಒಂದು, ಅಲ್ಲೇ ಹುಟ್ಟಿ, ಕಾಯಿ ರಾಶಿಯ ಪಕ್ಕ ಮಲಗಿ, ರಾತ್ರಿ ಸೋಗೆ ಬಿದ್ದರೂ ಬೊಗಳುವ ನಾಟಿ ನಾಯಿ. ಇನ್ನೊಂದು, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದು, ಸಾಕಿದವರಿಗೆ ಜರ್ಮನಿಯದೋ ಅಮೆರಿಕದ್ದೋ ವೀಸಾ ಬಂದ ಮೇಲೆ ಅಜ್ಜಿ ತಾತನ ತೋಟಕ್ಕೆ ಬಂದಿಳಿದ ಲ್ಯಾಬ್ರಡಾರ್, ಪಗ್ ಇಲ್ಲವೇ ಶಿಟ್ಸು. ‘ಆರು ತಿಂಗಳು ನೋಡಿಕೊಳ್ಳಿ, ಆಮೇಲೆ ಕರೆಸಿಕೊಳ್ತೀವಿ’ ಎಂಬ ಮಾತಿನ ಮೇಲೆ ಬಂದದ್ದು ಅಲ್ಲೇ ಮುದಿಯಾಗುವುದೂ ಉಂಟು. ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದರೆ ಸಾಮಾನ್ಯವಾಗಿ ಕೇಳಿಬರುವ ಕಾರಣ ಎರಡು: ನಾಯಿಯ ವಿಮಾನಯಾನ ದುಬಾರಿ, ಮೇಲಾಗಿ ಅದು ಮೂಕಪ್ರಾಣಿಗೆ ಹಿಂಸೆ. ಎರಡರಲ್ಲೂ ಸತ್ಯವಿಲ್ಲದೆ ಇಲ್ಲ. ಆದರೆ ಬೇರೆ ಬೇರೆ ದೇಶಗಳ ನಿಯಮಗಳನ್ನು ಬಿಡಿಸಿ ನೋಡಿದರೆ, ನಾಯಿಯನ್ನು ತಡೆದು ನಿಲ್ಲಿಸುವುದು ಮುಖ್ಯವಾಗಿ ರೇಬೀಸ್, ನಮ್ಮ ಕಡೆ ಹುಚ್ಚುನಾಯಿ ರೋಗ ಎನ್ನುವುದು. ಆ ತಡೆಯನ್ನು ದಾಟಲು ಬೇಕಾದದ್ದು ಸರಿಯಾದ ಕ್ರಮದಲ್ಲಿ ಕಳೆದ ಕಾಲ. ವೀಸಾ ಕೈಗೆ ಬಂದ ಮೇಲೆ ನಾಯಿಯ ಮಾತೆತ್ತಿದವರಿಗೆ ಎಷ್ಟು ಹಣವಿದ್ದರೂ ಆ ಕಾಲ ಸಿಗುವುದಿಲ್ಲ. ಹೊರದೇಶದ ಯೋಚನೆ ಬಂದಾಗಲೇ ಪಶುವೈದ್ಯರನ್ನು ಕಂಡವರಿಗೆ ಅದು ತಾನಾಗಿ ಸಿಕ್ಕಿರುತ್ತದೆ.

ರೇಬೀಸ್ ಯಾಕೆ ಇಷ್ಟು ದೊಡ್ಡ ಗೋಡೆ ಎಂಬುದನ್ನು ಮೊದಲು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆ. ಅದರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಭಾರತದ್ದು. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99 ನಾಯಿಯಿಂದಲೇ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಕರ್ನಾಟಕ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಕೇಂದ್ರ ಸರ್ಕಾರ 2030ರ ಹೊತ್ತಿಗೆ ನಾಯಿಯಿಂದ ಬರುವ ರೇಬೀಸನ್ನು ಇಲ್ಲವಾಗಿಸುವ ಕ್ರಿಯಾಯೋಜನೆಯನ್ನು 2021ರಲ್ಲಿ ಪ್ರಕಟಿಸಿತು. ಇಷ್ಟು ಗೊತ್ತಿದ್ದರೆ, ರೇಬೀಸನ್ನು ಹೆಣಗಿ ಹೊರಹಾಕಿದ ದೇಶಗಳು ಭಾರತದಿಂದ ಬರುವ ನಾಯಿಯನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವುದು ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ. ಅನುಮಾನ ನಿಮ್ಮ ಮನೆಯ ನಾಯಿಯ ಮೇಲಿನದಲ್ಲ; ಅದು ಓಡಾಡಿದ ಬೀದಿಯ ಮೇಲಿನದು.

ಈ ಭಯ ಕಾಗದದ ಮೇಲಿನದಲ್ಲ ಎನ್ನುವುದಕ್ಕೆ ಬ್ರಿಟನ್ನಿನ ಚರಿತ್ರೆ ಸಾಕು. ಬಾಯಿಕುಕ್ಕೆ ಕಡ್ಡಾಯ ಮಾಡಿ, ಹೊರಗಿನಿಂದ ಬಂದ ನಾಯಿಗಳನ್ನು ಪ್ರತ್ಯೇಕವಾಗಿಟ್ಟು, 1902ರ ಹೊತ್ತಿಗೆ ಅವರು ರೋಗವನ್ನು ತೊಲಗಿಸಿದ್ದರು. ಮೊದಲ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳುವಾಗ ಕದ್ದುಮುಚ್ಚಿ ತಂದ ನಾಯಿಗಳಿಂದ 1918ರಲ್ಲಿ ಅದು ಮತ್ತೆ ಒಳಹೊಕ್ಕಿತು ಎಂಬುದು ಅಲ್ಲಿಯ ತಿಳಿವಳಿಕೆ. ಮತ್ತೊಮ್ಮೆ ನಿರ್ಮೂಲ ಮಾಡಲು 1922ರವರೆಗೆ ಹೆಣಗಬೇಕಾಯಿತು. ಅಂದಿನಿಂದ ಬಂದ ಪ್ರತಿ ನಾಯಿಗೂ ಆರು ತಿಂಗಳ ಕ್ವಾರಂಟೈನ್. 1969ರಲ್ಲಿ ಜರ್ಮನಿಯಿಂದ ಬಂದ ಫ್ರಿಟ್ಜ್ ಎಂಬ ನಾಯಿ ಆ ಆರು ತಿಂಗಳನ್ನೂ ಮುಗಿಸಿ, ಕ್ಯಾಂಬರ್ಲಿ ಎಂಬ ಊರಿನ ಮನೆ ಸೇರಿದ ಕೆಲವೇ ದಿನಗಳಲ್ಲಿ ರೇಬೀಸ್‌ಗೆ ತುತ್ತಾಗಿ ಜನರನ್ನು ಕಚ್ಚಿತು. ಬರೀ ಕಟ್ಟಿಹಾಕಿ ಕಾಯುವುದರಿಂದ ಪೂರ್ತಿ ಭರವಸೆ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 2000ದ ಫೆಬ್ರುವರಿಯಲ್ಲಿ ಬ್ರಿಟನ್ ಕೆಲವು ದೇಶಗಳ ನಾಯಿಗಳಿಗೆ ಆರು ತಿಂಗಳ ಸೆರೆಯ ಬದಲು ಚಿಪ್, ಲಸಿಕೆ, ರಕ್ತಪರೀಕ್ಷೆಯ ವ್ಯವಸ್ಥೆ ತಂದಿತು. ಇವತ್ತು ಇಲ್ಲಿಂದ ಹೋಗುವವರು ‘ಎಷ್ಟೊಂದು ರಗಳೆ’ ಎಂದು ಬೈದುಕೊಳ್ಳುವ ಕಾಗದಪತ್ರಗಳು ಹಳೆಯ ಸೆರೆವಾಸಕ್ಕೆ ಬದಲಾಗಿ ಬಂದ ರಿಯಾಯಿತಿ ಎನ್ನುವುದು ಈ ಚರಿತ್ರೆಯಲ್ಲಿ ತಾನಾಗಿ ಕಾಣುತ್ತದೆ.

ಹತ್ತಿರದ ವರ್ಷಗಳದೂ ಇದೇ ಕಥೆ. ನಾಯಿಯಿಂದ ನಾಯಿಗೆ ಹರಡುವ ಬಗೆಯ ರೇಬೀಸ್ ತನ್ನಲ್ಲಿ ಇಲ್ಲವಾಗಿದೆ ಎಂದು ಅಮೆರಿಕ 2007ರಲ್ಲಿ ಘೋಷಿಸಿಕೊಂಡಿತ್ತು. 2021ರ ಜೂನ್‌ನಲ್ಲಿ ಅಜರ್‌ಬೈಜಾನ್‌ನಿಂದ ಬಂದ ನಾಯಿಗಳ ಗುಂಪಿನಲ್ಲಿ ಒಂದಕ್ಕೆ ಪೆನ್ಸಿಲ್ವೇನಿಯಾದಲ್ಲಿ ರೇಬೀಸ್ ಪತ್ತೆಯಾಯಿತು. ಮುಂದಿನ ತಿಂಗಳೇ ಅಪಾಯದ ಪಟ್ಟಿಯಲ್ಲಿದ್ದ ದೇಶಗಳ ನಾಯಿಗಳಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿತು; ಆ ಪಟ್ಟಿಯಲ್ಲಿ ಭಾರತವೂ ಇತ್ತು. ಇರಾನಿನಿಂದ ಬಂದ ಎರಡು ನಾಯಿಗಳಿಗೆ ರೇಬೀಸ್ ಕಂಡ ಮೇಲೆ ಕೆನಡಾ 2022ರ ಸೆಪ್ಟೆಂಬರ್ 28ರಿಂದ ಇಂಥ ದೇಶಗಳಿಂದ ಮಾರಾಟಕ್ಕೆ, ದತ್ತುಕೊಡಲು ನಾಯಿ ತರುವುದನ್ನು ನಿಷೇಧಿಸಿತು. ಮಾಲೀಕರೊಡನೆ ಹೋಗುವ ಸ್ವಂತ ಸಾಕುನಾಯಿಗೆ ಆ ನಿಷೇಧ ತಾಗುವುದಿಲ್ಲ. ಈ ವ್ಯತ್ಯಾಸ ಗಮನಿಸಬೇಕಾದದ್ದು. ‘ನೀವು ಮುಂದೆ ಹೋಗಿ, ನಾಯಿಯನ್ನು ಆಮೇಲೆ ಯಾರ ಕೈಯಲ್ಲಾದರೂ ಕಳಿಸುತ್ತೇವೆ’ ಎನ್ನುವ ಏರ್ಪಾಟಿನಲ್ಲಿ ನಾಯಿ ಎಷ್ಟೋ ಸಲ ಸ್ವಂತದ್ದು ಎಂಬ ಲೆಕ್ಕದಿಂದ ಜಾರಿ ವ್ಯಾಪಾರದ ಸರಕಿನ ಲೆಕ್ಕಕ್ಕೆ ಬೀಳುತ್ತದೆ. ಯುರೋಪಿನ ನಿಯಮದಲ್ಲಂತೂ ಮಾಲೀಕರ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರ ಇರುವಂತಿಲ್ಲ.

ಇನ್ನು ಕ್ರಮದ ವಿಚಾರ. ತೆಂಗು ಸೀಮೆಯ ಕುಟುಂಬಗಳು ಎಡವುವುದು ಇಲ್ಲೇ. ಮೊದಲು ಚಿಪ್ಪು. ಅಕ್ಕಿಕಾಳಿನಷ್ಟಿರುವ, 15 ಅಂಕಿಯ ಈ ಮೈಕ್ರೋಚಿಪ್ಪನ್ನು ಹೆಗಲುಗಳ ನಡುವೆ ಚರ್ಮದ ಕೆಳಗೆ ಸೂಜಿಯಲ್ಲಿ ಇಳಿಸುತ್ತಾರೆ. ಅದು ಐಎಸ್‌ಒ 11784 ಮತ್ತು 11785ರ ಅಳತೆಗೆ ಹೊಂದಬೇಕು. ಇಲ್ಲದಿದ್ದರೆ ಅಲ್ಲಿಯ ಯಂತ್ರ ಅದನ್ನು ಓದುವುದಿಲ್ಲ. ಚಿಪ್ಪು ಕೂತ ಮೇಲೆ, ಅಥವಾ ಅದೇ ದಿನ, ರೇಬೀಸ್ ಲಸಿಕೆ. ನಾಯಿಗೆ ಆಗ ಕನಿಷ್ಠ 12 ವಾರ ತುಂಬಿರಬೇಕು. ಚಿಪ್ಪಿಗೆ ಮುಂಚೆ ಹಾಕಿಸಿದ ಲಸಿಕೆ ಯುರೋಪಿನ ಲೆಕ್ಕದಲ್ಲಿ ಹಾಕಿಸಿಯೇ ಇಲ್ಲ, ಯಾಕೆಂದರೆ ಆ ಲಸಿಕೆ ಇದೇ ನಾಯಿಗೆ ಬಿದ್ದದ್ದು ಎನ್ನುವುದಕ್ಕೆ ಆಗ ಗುರುತಿರಲಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು ಒಪ್ಪಿಗೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ವೈದ್ಯರು ಟೈಟರ್ ಪರೀಕ್ಷೆ ಎನ್ನುವುದು ಇದನ್ನೇ. ರಕ್ತದಲ್ಲಿ ರೇಬೀಸ್ ಎದುರಿಸುವ ಪ್ರತಿಕಾಯ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪಾಸು. ಪಾಸಾದರೂ ತಕ್ಷಣ ಹೊರಡುವಂತಿಲ್ಲ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಳೆಯಬೇಕು. ಲಸಿಕೆಗೆ ಮುಂಚೆಯೇ ವೈರಸ್ ಮೈಸೇರಿದ್ದರೆ ರೋಗ ಹೊರಬೀಳಲು ಅಷ್ಟು ಕಾಲ ಬೇಕಾಗಬಹುದು, ಕಾಯಿಸುವುದು ಅದಕ್ಕೆ. ಒಟ್ಟು ನಾಲ್ಕು ತಿಂಗಳಾಯಿತು. ಕಾಯಿ ಉಂಡೆ ಕೊಬ್ಬರಿಯಾಗಬೇಕಾದರೆ ಅಟ್ಟದ ಮೇಲೆ ಒಳಗಿನ ನೀರು ಆರಿ ಗಿಟುಕು ತಾನಾಗಿ ಚಿಪ್ಪು ಬಿಡುವ ತನಕ ತಿಂಗಳುಗಟ್ಟಲೆ ಬಿಟ್ಟಿರಬೇಕು ಎಂದು ಬಲ್ಲ ತಿಪಟೂರಿನವರಿಗೆ, ದುಡ್ಡು ಚೆಲ್ಲಿ ಅವಸರಿಸಲಾಗದ ಕಾಲ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಒಂದು ಸಮಾಧಾನವಿದೆ. ಯುರೋಪಿನ ಮಟ್ಟಿಗೆ ಒಮ್ಮೆ ಪಾಸಾದ ಟೈಟರ್ ವರದಿ ನಾಯಿಯ ಜೀವಮಾನವಿಡೀ ನಡೆಯುತ್ತದೆ, ಮುಂದಿನ ಬೂಸ್ಟರ್ ಲಸಿಕೆಗಳು ಒಂದು ದಿನವೂ ತಪ್ಪದಿದ್ದರೆ. ತಪ್ಪಿದರೆ ಎಲ್ಲವೂ ಮೊದಲಿನಿಂದ. ಆದ್ದರಿಂದ ವೀಸಾ ಬಂದೇ ಬರುತ್ತದೆಂಬ ಖಾತ್ರಿ ಇಲ್ಲದವರೂ ಚಿಪ್ಪು, ಲಸಿಕೆ, ರಕ್ತಪರೀಕ್ಷೆ ಮುಗಿಸಿಟ್ಟುಕೊಳ್ಳುವುದರಲ್ಲಿ ನಷ್ಟ ಕಡಿಮೆ. ಪ್ರಯೋಗಾಲಯದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಉಲ್ಲೇಖ ಪ್ರಯೋಗಾಲಯ ಎಂಬ ಮನ್ನಣೆ ಪಡೆದದ್ದು. ನಮ್ಮ ರಾಜ್ಯಕ್ಕೆ ಅದು ಹೆಮ್ಮೆಯ ಸಂಗತಿ. ಹಾಗಿದ್ದರೂ ಯಾವ ದೇಶ ಯಾವ ಪ್ರಯೋಗಾಲಯದ ವರದಿಯನ್ನು ಒಪ್ಪುತ್ತದೆ ಎನ್ನುವುದನ್ನು ಆಯಾ ದೇಶ ಪ್ರಕಟಿಸುವ ಪಟ್ಟಿಯಲ್ಲೇ ನೋಡಿಕೊಂಡು ರಕ್ತ ಕಳಿಸಬೇಕು. ಪಟ್ಟಿಯ ಹೊರಗಿನ ವರದಿ ಎಷ್ಟೇ ನಿಖರವಾಗಿದ್ದರೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹೋಗುವ ದೇಶ ಬದಲಾದರೆ ಕಾಲದ ಲೆಕ್ಕವೂ ಬದಲಾಗುತ್ತದೆ. ಕೆನಡಾದ್ದು ಎಲ್ಲಕ್ಕಿಂತ ಹಗುರ. ಸ್ವಂತ ನಾಯಿಗೆ ಮುಖ್ಯವಾಗಿ ರೇಬೀಸ್ ಲಸಿಕೆಯ ಪ್ರಮಾಣಪತ್ರ ಸಾಕು. ಅಮೆರಿಕದ ಹೊಸ ನಿಯಮ 2024ರ ಆಗಸ್ಟ್ 1ರಿಂದ ಜಾರಿಯಲ್ಲಿದೆ: ನಾಯಿಗೆ ಆರು ತಿಂಗಳು ತುಂಬಿರಬೇಕು, ಚಿಪ್ಪಿರಬೇಕು, ಸರ್ಕಾರಿ ಪಶುವೈದ್ಯರು ದೃಢೀಕರಿಸಿದ ಲಸಿಕೆ ಪತ್ರವಿರಬೇಕು, ಲಸಿಕೆಯಾಗಿ 30 ದಿನದ ಮೇಲೆ ಮತ್ತು ಪ್ರವೇಶಕ್ಕೆ 28 ದಿನ ಮುಂಚೆ ತೆಗೆದ ರಕ್ತದ ವರದಿ ಇರಬೇಕು. ರಕ್ತದ ವರದಿ ಇಲ್ಲದಿದ್ದರೆ ಅಲ್ಲಿ 28 ದಿನ ಕ್ವಾರಂಟೈನ್, ಅದೂ ಸ್ವಂತ ಖರ್ಚಿನಲ್ಲಿ. ಭಾರತದಂಥ ದೇಶದಲ್ಲಿ ಲಸಿಕೆ ಹಾಕಿಸಿಕೊಂಡ ನಾಯಿ ಯಾವ ವಿಮಾನ ನಿಲ್ದಾಣಕ್ಕೆ ಬೇಕಾದರೂ ಹೋಗಿ ಇಳಿಯುವಂತಿಲ್ಲ. ನೋಂದಾಯಿತ ಪ್ರಾಣಿ ಕೇಂದ್ರವಿರುವ ನ್ಯೂಯಾರ್ಕ್, ಲಾಸ್ ಏಂಜಲೀಸ್, ಅಟ್ಲಾಂಟಾದಂಥ ಕೆಲವೇ ಕಡೆ ಇಳಿದು, ಮೊದಲೇ ಕಾದಿರಿಸಿದ ಜಾಗದಲ್ಲಿ ತಪಾಸಣೆಗೆ ಒಳಪಡಬೇಕು. ಮಗಳು ಡಲ್ಲಾಸ್‌ನಲ್ಲಿದ್ದಾಳೆಂದು ನಾಯಿಯನ್ನೂ ನೇರ ಅಲ್ಲಿಗೇ ಬುಕ್ ಮಾಡಿದರೆ ನಡೆಯುವುದಿಲ್ಲ. ಜರ್ಮನಿ, ನೆದರ್ಲೆಂಡ್ಸ್, ಐರ್ಲೆಂಡ್, ಬ್ರಿಟನ್ ಎಲ್ಲಕ್ಕೂ ಮೇಲೆ ಹೇಳಿದ ನಾಲ್ಕು ತಿಂಗಳು; ಬ್ರಿಟನ್ ಮತ್ತು ಐರ್ಲೆಂಡಿಗೆ ಇದರ ಜೊತೆಗೆ ತಲುಪುವ 24ರಿಂದ 120 ಗಂಟೆ ಮುಂಚೆ ಲಾಡಿಹುಳುವಿನ ಔಷಧಿಯೂ ಬೀಳಬೇಕು. ಜಪಾನಿಗೆ ಎರಡು ಲಸಿಕೆ, ರಕ್ತಪರೀಕ್ಷೆ, ಆಮೇಲೆ 180 ದಿನ. ಆಸ್ಟ್ರೇಲಿಯಾಕ್ಕೆ ಭಾರತದಿಂದ ನೇರವಾಗಿ ದಾರಿಯೇ ಇಲ್ಲ. ಅವರು ಒಪ್ಪಿದ ಇನ್ನೊಂದು ದೇಶಕ್ಕೆ ನಾಯಿ ಮೊದಲು ಹೋಗಿ, ಅಲ್ಲಿದ್ದು, ಅಲ್ಲಿಂದ ಹೊರಟು, ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮ್ ಕೇಂದ್ರದಲ್ಲಿ ಕಡಿಮೆಯೆಂದರೂ 10 ದಿನ ಇರಬೇಕು. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ಖಾಸಗಿ ವಿಮಾನದಲ್ಲಿ ಎರಡು ಪುಟ್ಟ ನಾಯಿಗಳನ್ನು ಹೇಳದೆ ಕೇಳದೆ ತಂದಾಗ, ವಾಪಸು ಒಯ್ಯದಿದ್ದರೆ ಕೊಲ್ಲಬೇಕಾಗುತ್ತದೆ ಎಂದು ಅಲ್ಲಿಯ ಕೃಷಿ ಸಚಿವರೇ ಎಚ್ಚರಿಸಿದ್ದರು. ಖಾಸಗಿ ವಿಮಾನವಿದ್ದವರಿಗೇ ಹಾಗೆ.

ಕೊನೆಯ ಹತ್ತು ದಿನಗಳ ಕೆಲಸ ಬೆಂಗಳೂರಿನದು. ದೇಶದಿಂದ ಹೊರಹೋಗುವ ನಾಯಿಗೆ ಆರೋಗ್ಯ ಪ್ರಮಾಣಪತ್ರ ಕೊಡುವುದು ಕೇಂದ್ರ ಪಶುಸಂಗೋಪನಾ ಇಲಾಖೆಯ ಅಧೀನದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆ. ಅದರ ಕೇಂದ್ರ ಬೆಂಗಳೂರಿನಲ್ಲೂ ಇದೆ. ಚಿಪ್ಪಿನ ದಾಖಲೆ, ಲಸಿಕೆ ಪುಸ್ತಕ, ಟೈಟರ್ ವರದಿ, ಸ್ಥಳೀಯ ಪಶುವೈದ್ಯರ ಪತ್ರ ಎಲ್ಲವನ್ನೂ ಅವರು ಹೊಂದಿಸಿ ನೋಡುತ್ತಾರೆ, ನಾಯಿಯನ್ನೂ ಪರೀಕ್ಷಿಸುತ್ತಾರೆ. ಯುರೋಪಿನ ಪತ್ರಕ್ಕೆ ಸಹಿ ಬಿದ್ದ ದಿನದಿಂದ ಹತ್ತು ದಿನದೊಳಗೆ ಅಲ್ಲಿ ಇಳಿದಿರಬೇಕು. ಅದಕ್ಕಿಂತ ಮುಂಚೆ ಪತ್ರ ಮಾಡಿಸಿಕೊಂಡರೆ ವ್ಯರ್ಥ, ತೀರಾ ತಡಮಾಡಿದರೆ ಒಂದು ರಜೆ ಅಡ್ಡಬಂದರೂ ವಿಮಾನ ತಪ್ಪುತ್ತದೆ. ಒಂದು ಕಾಗದದಲ್ಲಿ ಚಿಪ್ಪಿನ ಸಂಖ್ಯೆಯ ಒಂದು ಅಂಕಿ ತಪ್ಪಾಗಿದ್ದರೂ ನಾಲ್ಕು ತಿಂಗಳ ಶ್ರಮ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಪ್ರತಿ ಭೇಟಿಯಲ್ಲೂ ಚಿಪ್ಪನ್ನು ಯಂತ್ರದಿಂದ ಓದಿಸಿ ಬರೆಸುವುದು ಲೇಸು. ಹಳೆಯ ಪುಸ್ತಕ ನೋಡಿ ನಕಲು ಮಾಡಿಸುವುದು ಬೇಡ.

ವಿಮಾನದ ಭಯವನ್ನು ಎಷ್ಟು ದೊಡ್ಡದಾಗಿ ಹೇಳಲಾಗುತ್ತದೋ ಅದು ಅಷ್ಟು ದೊಡ್ಡದಲ್ಲ. ಆದರೆ ಎಲ್ಲ ನಾಯಿಗೂ ಸಮಾನವೂ ಅಲ್ಲ. ನಾಯಿಗಳನ್ನು ಇಡುವ ಕೆಳಗಿನ ಭಾಗದಲ್ಲಿ ಪ್ರಯಾಣಿಕರ ಭಾಗದಲ್ಲಿರುವಂತೆಯೇ ಗಾಳಿಯ ಒತ್ತಡ ಕಾಯ್ದುಕೊಳ್ಳುತ್ತಾರೆ, ಬಿಸಿ ತಂಪನ್ನೂ ನಿಯಂತ್ರಿಸುತ್ತಾರೆ. ಪೆಟ್ಟಿಗೆ ಹೇಗಿರಬೇಕೆಂಬುದಕ್ಕೆ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದ ಜೀವಂತ ಪ್ರಾಣಿಗಳ ನಿಯಮಾವಳಿ ಇದೆ: ನಾಯಿ ಒಳಗೆ ತಲೆ ತಾಗದಂತೆ ನಿಲ್ಲಬೇಕು, ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ತೋಟದ ತೆಂಗಿನ ಹಲಗೆಯಲ್ಲೇ ಬಡಗಿಯಿಂದ ಗಟ್ಟಿ ಪೆಟ್ಟಿಗೆ ಮಾಡಿಸೋಣ ಎನಿಸಿದರೆ, ದೇಶದಿಂದ ದೇಶಕ್ಕೆ ಹೋಗುವ ಹಸಿಮರದ ಪೆಟ್ಟಿಗೆಗಳಿಗೆ ಕೀಟ ಸಾಯುವಂತೆ ಶಾಖ ಕೊಟ್ಟ ಮುದ್ರೆ ಬೇಕಾಗುತ್ತದೆ ಎಂಬುದು ನೆನಪಿರಲಿ. ಪ್ಲಾಸ್ಟಿಕ್ಕಿನದು ಕೊಳ್ಳುವುದೇ ಸುಲಭ. ನಿಜವಾದ ಅಪಾಯ ಇರುವುದು ಚಪ್ಪಟೆ ಮೂಗಿನ ತಳಿಗಳಿಗೆ. ಹಿಂದಿನ ಐದು ವರ್ಷಗಳಲ್ಲಿ ವಿಮಾನಗಳಲ್ಲಿ ಸತ್ತ 122 ನಾಯಿಗಳ ಲೆಕ್ಕವನ್ನು ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ಕೊಟ್ಟಾಗ, ತಳಿ ಗೊತ್ತಿದ್ದವುಗಳಲ್ಲಿ ಸುಮಾರು ಅರ್ಧ ಬುಲ್‌ಡಾಗ್, ಪಗ್‌ನಂಥ ಗಿಡ್ಡಮೂತಿಯವಾಗಿದ್ದವು. ಅವುಗಳ ಉಸಿರಿನ ದಾರಿಯೇ ಇಕ್ಕಟ್ಟು; ಸೆಕೆ, ಗಾಬರಿ ಎರಡೂ ಸೇರಿದರೆ ತಡೆಯಲಾರವು. ಹಲವು ವಿಮಾನ ಕಂಪನಿಗಳು ಅವನ್ನು ಕೆಳಭಾಗಕ್ಕೆ ಹತ್ತಿಸಿಕೊಳ್ಳುವುದೇ ಇಲ್ಲ. ಟಿವಿ ಜಾಹೀರಾತಿನಿಂದ ‘ಹಚ್ ನಾಯಿ’ ಎಂದು ಮನೆಮಾತಾದ ಪಗ್ ಹೀಗೆ ಹಾರಾಟಕ್ಕೆ ಅತಿ ಕಷ್ಟದ ನಾಯಿ. ಉದ್ದ ಮೂತಿ, ಗಿಡ್ಡ ಕೂದಲಿನ ನಮ್ಮ ನಾಟಿ ನಾಯಿ, ಮುಧೋಳ ನಾಯಿಗಳಿಗೆ ಆ ತೊಡಕಿಲ್ಲ. ನಿದ್ದೆ ಬರಿಸಿ ಕಳಿಸೋಣ ಎನ್ನುವುದು ಮಾತ್ರ ಕೆಟ್ಟ ಯೋಚನೆ. ಮತ್ತಿನ ಮದ್ದು ಉಸಿರನ್ನೂ ರಕ್ತದೊತ್ತಡವನ್ನೂ ತಗ್ಗಿಸುತ್ತದೆ. ಮತ್ತು ಕೊಟ್ಟ ನಾಯಿಯನ್ನು ವಿಮಾನ ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದರ ಬದಲು ಕಾಯುವ ನಾಲ್ಕು ತಿಂಗಳಲ್ಲಿ ಪೆಟ್ಟಿಗೆಯನ್ನು ಮನೆಯೊಳಗಿಟ್ಟು, ಅದರಲ್ಲೇ ಊಟ ಹಾಕಿ, ಅದರಲ್ಲೇ ಮಲಗಿಸಿ, ಬಳಿಕ ಕಾರಿನಲ್ಲಿಟ್ಟು ತುಮಕೂರಿನವರೆಗೆ ಹೋಗಿಬಂದರೆ ಅರ್ಧ ಭಯ ಇಳಿದಿರುತ್ತದೆ. ಹೊರಡುವ ದಿನವೂ ಬೆಂಗಳೂರಿನ ಗದ್ದಲಕ್ಕೆ ಹೋಗಬೇಕಿಲ್ಲ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ತಲುಪಬಹುದು.

ಇಷ್ಟೆಲ್ಲ ಯಾಕೆ, ತೋಟವಿದೆಯಲ್ಲ, ಅಲ್ಲಿ ಬಿಟ್ಟರೆ ಆಯಿತು. ಕಟ್ಟಡದೊಳಗಿನ ಚಳಿದೇಶದ ಬದುಕಿಗಿಂತ ಬಯಲೇ ಮೇಲು ಎಂಬುದು ಗಟ್ಟಿಯಾದ ಆಕ್ಷೇಪ. ತೋಟದಲ್ಲೇ ಹುಟ್ಟಿ ಬೆಳೆದ ನಾಯಿಯ ಮಟ್ಟಿಗೆ ನಾನು ಇದನ್ನು ಒಪ್ಪುತ್ತೇನೆ. ಅದಕ್ಕೆ ಮನೆ ಎಂದರೆ ಆ ತೋಟ, ಆ ಹಾದಿ, ಆ ಹಟ್ಟಿಯ ಬಾಗಿಲು. ಪ್ರೀತಿಯ ಹೆಸರಿನಲ್ಲಿ ಅದನ್ನು ಮೂರನೇ ಮಹಡಿಗೆ ಸಾಗಿಸುವುದರಲ್ಲಿ ಅರ್ಥವಿಲ್ಲ. ಆದರೆ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನಾಯಿಗೆ ಇದೇ ತೋಟ ಅಪರಿಚಿತ ಕಾಡು. ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ಗುಡ್ಡ ತೋಟಗಳಲ್ಲಿ ಚಿರತೆ ಹೊಸದಲ್ಲ, ನಾಯಿ ಅದರ ಸುಲಭದ ಬೇಟೆ. ಕತ್ತಲಾದ ಮೇಲೆ ಜಗಲಿ ಇಳಿಯಬಾರದು ಎಂಬ ತಿಳಿವಳಿಕೆ ನಾಟಿ ನಾಯಿಗೆ ಇರುವಷ್ಟು ಇದಕ್ಕಿರುವುದಿಲ್ಲ. ದನದ ಕೊಟ್ಟಿಗೆಯ ಉಣ್ಣೆಯಿಂದ ಬರುವ ಜ್ವರ ಇನ್ನೊಂದು. ಹೊತ್ತಿಗೆ ರಕ್ತ ನೋಡಿಸದಿದ್ದರೆ ನಾಯಿ ಉಳಿಯುವುದು ಕಷ್ಟ. ಎಲ್ಲಕ್ಕಿಂತ ಮುಖ್ಯ, ನೋಡಿಕೊಳ್ಳುವವರ ವಯಸ್ಸು. ಮಕ್ಕಳು ಹೊರದೇಶದಲ್ಲಿ, 70 ದಾಟಿದ ಅಪ್ಪ ಅಮ್ಮ ತೋಟದಲ್ಲಿ. 30 ಕಿಲೋ ತೂಗುವ ಲ್ಯಾಬ್ರಡಾರನ್ನು ಎತ್ತಿ ತಾಲ್ಲೂಕು ಆಸ್ಪತ್ರೆಗೆ ಒಯ್ಯುವವರು ಯಾರು? ಅಪ್ಪ ಅಮ್ಮನಿಗೂ ಜೊತೆಯಾಯಿತು ಎನ್ನುವ ಸಮಾಧಾನದ ಮಾತಿನಲ್ಲಿ ಅವರ ಒಪ್ಪಿಗೆಯನ್ನು ನಿಜಕ್ಕೂ ಕೇಳಿದ್ದು ಎಷ್ಟು ಸಲ ಎಂಬುದು ಬೇರೆ ಪ್ರಶ್ನೆ. ಅವರು ಮನಸಾರೆ ಬೇಕೆಂದರೆ, ಹತ್ತಿರದಲ್ಲಿ ಕೈಹಿಡಿಯುವವರು ಇದ್ದರೆ, ಬಿಟ್ಟುಹೋಗುವುದೂ ಸರಿಯಾದ ನಿರ್ಧಾರವೇ. ನಾನು ತಪ್ಪೆನ್ನುವುದು, ಕಾಲ ಮೀರಿತೆಂಬ ಒಂದೇ ಕಾರಣಕ್ಕೆ ತೋಟವೇ ಗತಿಯಾಗುವುದನ್ನು.

ಇದೆಲ್ಲ ಉಳ್ಳವರ ಶೋಕಿ ಎಂಬ ಮಾತೂ ಇದೆ. ಖರ್ಚು ಹಗುರವೆಂದು ಹೇಳಿ ಯಾರನ್ನೂ ಮೋಸಮಾಡಬಾರದು. ದೊಡ್ಡ ನಾಯಿಯ ಸರಕು ದರ, ಪೆಟ್ಟಿಗೆ, ಪರೀಕ್ಷೆ, ಏಜೆಂಟರ ಶುಲ್ಕ ಸೇರಿದರೆ ಲೆಕ್ಕ ಲಕ್ಷಗಳಿಗೆ ಹೋಗುತ್ತದೆ. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ದರದಲ್ಲಿ ಒಂದು ಲಕ್ಷ ಎಂದರೆ ಎಂಟು ಕ್ವಿಂಟಲಿಗೂ ಮೀರಿದ ಕೊಬ್ಬರಿ. ಸಣ್ಣ ಹಿಡುವಳಿಯ ಮನೆಗೆ ಅದು ವರ್ಷದ ಬದುಕು. ಆದ್ದರಿಂದ ಎಲ್ಲರೂ ಒಯ್ಯಲೇಬೇಕೆಂದು ಯಾರೂ ಹೇಳಲಾರರು. ಆದರೆ ಈ ಖರ್ಚಿನ ದೊಡ್ಡ ಭಾಗ ಬರುವುದು ಅವಸರದಿಂದ ಎನ್ನುವುದನ್ನೂ ಗಮನಿಸಬೇಕು. ಚಿಪ್ಪು, ಲಸಿಕೆ ದುಬಾರಿಯಲ್ಲ. ಮುಂಚಿತವಾಗಿ ಮಾಡಿಸಿದವರು ಮಾಲೀಕರ ಜೊತೆಗೇ ಅದೇ ವಿಮಾನದಲ್ಲಿ ನಾಯಿಯನ್ನು ಒಯ್ಯಲು ಬಿಡುವ ಕಂಪನಿಯನ್ನೂ ತಿಂಗಳನ್ನೂ ಆರಿಸಿಕೊಳ್ಳಬಹುದು. ತಡಮಾಡಿದವರು ನಾಯಿಯನ್ನು ತಿಂಗಳುಗಟ್ಟಲೆ ಬೋರ್ಡಿಂಗ್‌ನಲ್ಲಿಟ್ಟು, ಕೊನೆಗೆ ಪ್ರತ್ಯೇಕ ಸರಕಾಗಿ ತರಿಸಿಕೊಳ್ಳಬೇಕಾಗುತ್ತದೆ. ಇನ್ನು ಬೀದಿಗೆ ಬಿಡುವವರ ಮಾತು: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಬೆಂಗಳೂರಿನಲ್ಲಿ ಆ ದುಡ್ಡಿಗೆ ಈಗ ಒಂದು ಎಳನೀರು ಸಿಗುವುದೂ ಅನುಮಾನ.

ನಿಯಮಗಳು ಒಮ್ಮುಖವಾಗಿವೆ, ಅವರು ನಮಗೆ ಹಾಕುವ ಷರತ್ತನ್ನು ನಾವು ಅವರಿಗೆ ಹಾಕುವುದಿಲ್ಲ ಎಂದು ಬೇಸರ ಪಡುವವರಿದ್ದಾರೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ, ಅಲ್ಲಿಂದ ಮರಳುವ ಭಾರತೀಯ ವಿದ್ಯಾರ್ಥಿಗಳು ತಮ್ಮ ನಾಯಿ ಬೆಕ್ಕುಗಳನ್ನು ತರಲು ಕೇಂದ್ರ ಸರ್ಕಾರ ಒಂದು ಬಾರಿಯ ವಿನಾಯಿತಿ ಕೊಟ್ಟಿತು. ಮಾನವೀಯ ನಿರ್ಧಾರ, ಸರಿ. ಆದರೆ ರೇಬೀಸ್ ಮೊದಲೇ ನೆಲೆಸಿರುವ ದೇಶ ಹೀಗೆ ಸಡಿಲಿಸುವುದಕ್ಕೂ ರೋಗವೇ ಇಲ್ಲದ ದೇಶ ಸಡಿಲಿಸುವುದಕ್ಕೂ ಅಪಾಯದ ಅಳತೆ ಒಂದೇ ಅಲ್ಲ. ತಳಿಯ ನಿಷೇಧಗಳ ವಿಚಾರದಲ್ಲಿ ಬೇಸರಕ್ಕೆ ಇನ್ನೂ ಹೆಚ್ಚು ಜಾಗವಿದೆ. ಬ್ರಿಟನ್ 1991ರಿಂದಲೂ ಪಿಟ್‌ಬುಲ್ ಮುಂತಾದ ತಳಿಗಳನ್ನು ನಿಷೇಧಿಸಿದೆ. ಜರ್ಮನಿಯೂ ಪಿಟ್‌ಬುಲ್, ಬುಲ್ ಟೆರಿಯರ್‌ನಂಥ ಕೆಲವನ್ನು ಒಳಬಿಡುವುದಿಲ್ಲ. ನಮ್ಮ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ರಾಟ್‌ವೀಲರ್ ಸೇರಿ 23 ತಳಿಗಳ ಮೇಲೆ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಇಲ್ಲಿ ರದ್ದಾಯಿತೆಂದು ಅಲ್ಲಿ ದಾರಿ ತೆರೆಯುವುದಿಲ್ಲ. ತೋಟದ ಕಾವಲಿಗೆಂದು ಇಂಥ ತಳಿಯ ಮರಿ ತರುವ ಮನೆಗಳು, ಮುಂದೊಂದು ದಿನ ಮಕ್ಕಳು ಅದನ್ನು ಜೊತೆಗೆ ಒಯ್ಯಬೇಕೆಂದರೆ ಹಲವು ದೇಶಗಳು ಮುಚ್ಚಿರುತ್ತವೆ ಎಂಬುದನ್ನು ಮರಿ ತರುವಾಗಲೇ ತಿಳಿದಿರುವುದು ಒಳ್ಳೆಯದು.

ಇಲ್ಲಿ ನಮ್ಮ ಪಶು ಆಸ್ಪತ್ರೆಗಳ ಪಾತ್ರ ಬರುತ್ತದೆ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿಯ ಸಂಶೋಧನಾ ಕೇಂದ್ರವಿದೆ. ಈ ಸೀಮೆಯಲ್ಲಿ ದನಕರುಗಳ ವೈದ್ಯಕ್ಕೆ, ತಳಿಜ್ಞಾನಕ್ಕೆ ಹಳೆಯ ಬೇರುಂಟು. ಪ್ರತಿ ಹಸುವಿನ ಕಿವಿಯಲ್ಲಿ ಈಗ 12 ಅಂಕಿಯ ಹಳದಿ ಬಿಲ್ಲೆ ಇದೆ, ಅದರ ಲಸಿಕೆಯ ದಾಖಲೆ ಸರ್ಕಾರದ ಕಂಪ್ಯೂಟರಿನಲ್ಲಿದೆ. ನಾಯಿಗೆ ಅಂಥ ಯಾವ ಗುರುತೂ ಇಲ್ಲ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಪಶುಪಾಲನಾ ಇಲಾಖೆ ಹಲವೆಡೆ ನಾಯಿಗಳಿಗೆ ಉಚಿತವಾಗಿ ಲಸಿಕೆ ಹಾಕುತ್ತದೆ. ಊರಿನ ರಕ್ಷಣೆಗೆ ಅದು ಪೂರ್ತಿ ಉಪಯುಕ್ತ. ಹೊರದೇಶಕ್ಕೆ ಹೋಗುವ ನಾಯಿಗೆ ಮಾತ್ರ ಚಿಪ್ಪಿಲ್ಲದ ಆ ಚುಚ್ಚುಮದ್ದು ಲೆಕ್ಕಕ್ಕೆ ಬರುವುದಿಲ್ಲ. ಅದೇ ಶಿಬಿರದಲ್ಲಿ, ಬೇಕೆಂದವರಿಂದ ದುಡ್ಡು ಪಡೆದೇ ಆಗಲಿ, ಚಿಪ್ಪು ಹಾಕಿ ಓದುವ ಯಂತ್ರವೊಂದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಇಟ್ಟರೆ ಚಿತ್ರ ಬದಲಾಗುತ್ತದೆ. ಹೊರದೇಶಕ್ಕೆ ಹೋಗುವ ಬೆರಳೆಣಿಕೆಯ ನಾಯಿಗಳಿಗಿಂತ ಇಲ್ಲೇ ಇರುವ ಸಾವಿರಾರು ನಾಯಿಗಳಿಗೆ ಅದರಿಂದ ಹೆಚ್ಚು ಲಾಭ: ಯಾವುದಕ್ಕೆ ಲಸಿಕೆಯಾಗಿದೆ, ಯಾವುದಕ್ಕೆ ಆಗಿಲ್ಲ, ಕಚ್ಚಿದ ನಾಯಿ ಯಾರದು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಅಲ್ಲಿಯವರೆಗೆ ಚಿಪ್ಪಿಗಾಗಿ ತುಮಕೂರಿಗೋ ಬೆಂಗಳೂರಿಗೋ ಹೋಗುವವರು ಒಂದೇ ಭೇಟಿಯಲ್ಲಿ ಎರಡೂ ಕೆಲಸ ಮುಗಿಸಿಕೊಳ್ಳಬಹುದು: ಮೊದಲು ಚಿಪ್ಪು, ಅದರ ಬೆನ್ನಿಗೇ ಲಸಿಕೆ. ಲಸಿಕೆ ಸೀಸೆಯ ಮೇಲಿನ ಚೀಟಿಯನ್ನು ಬ್ಯಾಚ್ ಸಂಖ್ಯೆ ಕಾಣುವಂತೆ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ಚಿಪ್ಪಿನ 15 ಅಂಕಿ, ದಿನಾಂಕ, ವೈದ್ಯರ ನೋಂದಣಿ ಸಂಖ್ಯೆ ಮತ್ತು ಮುದ್ರೆ ಹಾಕಿಸಿಕೊಂಡು ಬರಬೇಕು. ಮುಂದಿನ ನಾಲ್ಕು ತಿಂಗಳ ಎಣಿಕೆಗೆ ಆ ಪುಟದ ದಿನಾಂಕವೇ ಆಧಾರ.